ಸುಳ್ಳು ಹೇಳುವ ಮುಳ್ಳು



ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಕಾರು ಓಡಿಸುವವರು ಕಣ್ಣಾರೆ ನೋಡಲಾರರು. ಡ್ಯಾಶ್‌ಬೋರ್ಡಿನ ಮಾಪಕ ತೋರಿಸಿದ್ದನ್ನೇ ನಂಬಬೇಕು. ಎಂಜಿನ್ ಕುದಿಯುತ್ತಿರುವಾಗ ಮುಳ್ಳು ಮಾತ್ರ ತಣ್ಣಗಿದೆ ಎಂದು ತೋರಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ ಎಂಜಿನ್ನೇ ಹಾಳಾಗಬಹುದು. ಆದ್ದರಿಂದ ಮಾಪಕದ ದೋಷ ಸಣ್ಣದಲ್ಲ. ಆದರೆ ದೋಷ ಮಾಪಕದಲ್ಲೇ ಇದೆಯೇ? ಇಂದು ನಾವು ವಿಚಾರ ಮಾಡಬೇಕಾದದ್ದು ಇದನ್ನೇ.

ಉದಾಹರಣೆಗೆ ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳೋಣ. 1962ರಿಂದ 1980ರವರೆಗೆ 3 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾದವು. ಹಳೆಯ ಕಾರುಗಳ ಅಭಿಮಾನಿಗಳು ಇವನ್ನು ಇಂದಿಗೂ ಜೋಪಾನವಾಗಿ ಕಾಪಾಡಿಕೊಂಡಿದ್ದಾರೆ. ಇದರ ಬಹುಪಾಲು ಮಾದರಿಗಳಲ್ಲಿ ಪೆಟ್ರೋಲ್ ಮಾಪಕ ಮತ್ತು ಉಷ್ಣತಾ ಮಾಪಕ ಎರಡೂ ಒಂದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ಇಸ್ತ್ರಿ ಪೆಟ್ಟಿಗೆಯೊಳಗಿನ ದ್ವಿಲೋಹ ಪಟ್ಟಿಯ ವಿಷಯ ನೀವು ಓದಿರುತ್ತೀರಿ. ಬಿಸಿಯಾದಾಗ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ. ಮಾಪಕದೊಳಗೆ ಇಂಥ ಪಟ್ಟಿಗೆ ತೆಳುವಾದ ತಂತಿ ಸುತ್ತಿರುತ್ತಾರೆ. ಅದರಲ್ಲಿ ವಿದ್ಯುತ್ ಹರಿದಷ್ಟೂ ಪಟ್ಟಿ ಬಾಗಿ ಮುಳ್ಳನ್ನು ಸರಿಸುತ್ತದೆ. ಎಷ್ಟು ವಿದ್ಯುತ್ ಹರಿಯಬೇಕು ಎಂಬುದನ್ನು ನಿರ್ಧರಿಸುವುದು ಸಂವೇದಕದ ರೋಧ. ಟ್ಯಾಂಕಿನಲ್ಲಿ ತೇಲುಬುರುಡೆ ಮೇಲೇರಿದಂತೆ ರೋಧ ಇಳಿಯುತ್ತದೆ. ಎಂಜಿನ್‌ನಲ್ಲಿರುವ ಥರ್ಮಿಸ್ಟರ್ ಬಿಸಿಯಾದಂತೆ ಅದರ ರೋಧವೂ ಇಳಿಯುತ್ತದೆ.

ಓಮನ ನಿಯಮದ ಪ್ರಕಾರ ರೋಧ ಬದಲಾದಾಗ ಮಾತ್ರವಲ್ಲ, ವೋಲ್ಟೇಜ್ ಬದಲಾದಾಗಲೂ ವಿದ್ಯುತ್ ಪ್ರವಾಹ ಬದಲಾಗುತ್ತದೆ. ಕಾರಿನ ಬ್ಯಾಟರಿಯ ವೋಲ್ಟೇಜ್ ಎಂಜಿನ್ ನಿಂತಾಗ 12ರ ಆಸುಪಾಸಿನಲ್ಲಿದ್ದರೆ, ಓಡುವಾಗ 14ರ ಹತ್ತಿರ ಹೋಗುತ್ತದೆ. ಈ ಏರುಪೇರನ್ನು ತಡೆಯಲು ಡ್ಯಾಶ್‌ಬೋರ್ಡಿನ ಹಿಂದೆ ಸ್ಟೆಬಿಲೈಜರ್ ಎಂಬ ಪುಟ್ಟ ಡಬ್ಬಿಯಿದೆ. ಅದರೊಳಗೂ ಒಂದು ದ್ವಿಲೋಹ ಪಟ್ಟಿ! ಅದು ಬಿಸಿಯಾಗಿ ಸಂಪರ್ಕ ಕಡಿಯುತ್ತದೆ, ತಣ್ಣಗಾಗಿ ಮತ್ತೆ ಕೂಡಿಸುತ್ತದೆ. ಸರಾಸರಿಯಾಗಿ ಮಾಪಕಗಳಿಗೆ ಸಿಗುವುದು 10 ವೋಲ್ಟ್.

ಈಗ ದೋಷ ಹುಡುಕುವುದು ಸುಲಭ. ಎರಡೂ ಮಾಪಕಗಳು ಒಟ್ಟಿಗೆ ಕೆಟ್ಟಂತೆ ಕಂಡರೆ, ಎರಡಕ್ಕೂ ಸಮಾನವಾದ ಭಾಗವನ್ನು ಮೊದಲು ಶಂಕಿಸಬೇಕು. ಎರಡೂ ಹೆಚ್ಚು ತೋರಿಸುತ್ತಿದ್ದರೆ ಡಬ್ಬಿಯ ಅರ್ತ್ ಸಂಪರ್ಕ ತುಕ್ಕು ಹಿಡಿದಿರಬಹುದು. ಅರ್ತ್ ಇಲ್ಲದೆ ಒಳಗಿನ ಪಟ್ಟಿ ಬಿಸಿಯಾಗದು, ಸಂಪರ್ಕ ಕಡಿಯದು, ಪೂರ್ಣ ವೋಲ್ಟೇಜ್ ಹರಿಯುತ್ತದೆ. ಉಜ್ಜುಕಾಗದದಿಂದ ತಿಕ್ಕಿ ಸ್ಕ್ರೂ ಬಿಗಿ ಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಎರಡೂ ಮುಳ್ಳುಗಳು ಅಲುಗಾಡದಿದ್ದರೆ ಫ್ಯೂಸ್, ತಂತಿ, ಡಬ್ಬಿ ಈ ಮೂರನ್ನೂ ನೋಡಬೇಕು.

ಒಂದೇ ಮಾಪಕ ತಪ್ಪಾಗಿದ್ದರೆ ಆ ದಾರಿಯನ್ನಷ್ಟೇ ಪರೀಕ್ಷಿಸಿ. ಕೀಲಿ ಆಫ್ ಮಾಡಿ ಉಷ್ಣತಾ ಸಂವೇದಕದ ತಂತಿ ಬಿಚ್ಚಿ, ನಂತರ ಆನ್ ಮಾಡಿ. ಮುಳ್ಳು ಕೆಳಗೇ ನಿಲ್ಲಬೇಕು. ಮತ್ತೆ ಆಫ್ ಮಾಡಿ ಆ ತಂತಿಯನ್ನು ಎಂಜಿನ್ನಿನ ಲೋಹಕ್ಕೆ ಜೋಡಿಸಿ ಆನ್ ಮಾಡಿದರೆ ಮುಳ್ಳು ನಿಧಾನವಾಗಿ ಮೇಲೇರಬೇಕು. ಏರತೊಡಗಿದ ಕೂಡಲೇ ಆಫ್ ಮಾಡಿ. ಹೀಗೆ ಏರಿದರೆ ಮಾಪಕವೂ ತಂತಿಯೂ ಸರಿಯಾಗಿವೆ, ಕೆಟ್ಟಿರುವುದು ಸಂವೇದಕ ಎಂದು ತಿಳಿಯಬೇಕು. ಏರದಿದ್ದರೆ ತಂತಿಯನ್ನೂ ಮಾಪಕವನ್ನೂ ನೋಡಬೇಕು. ಟ್ಯಾಂಕಿನ ಬಳಿ ಮಾತ್ರ ಕಿಡಿ ಹಾರಿದರೆ ಅನಾಹುತ. ಅಲ್ಲಿನ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್‌ಗೆ ಬಿಡಿ. ಮಾಪಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಒಳಗಿನ ಸುರುಳಿ ಸುಟ್ಟುಹೋದೀತು.

ನೋಡಿ, ಸರಿಯಾಗಿರುವ ಮಾಪಕವನ್ನು ಕಿತ್ತು ಹೊಸದನ್ನು ಹಾಕಿದರೂ ಹೊಸ ಮುಳ್ಳೂ ಅದೇ ಸುಳ್ಳನ್ನು ಹೇಳುತ್ತದೆ. ಏನನ್ನಾದರೂ ಬಿಚ್ಚುವ ಮೊದಲು ಕಾಗದದ ಮೇಲೆ ವಿದ್ಯುತ್ ಮಂಡಲದ ಚಿತ್ರ ಬರೆದುಕೊಳ್ಳಿ, ವಿದ್ಯುತ್ ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂದು ಬೆರಳಿಟ್ಟು ನೋಡಿ. ಪ್ರಯೋಗಾಲಯದಲ್ಲಿ ನೀವು ಕಲಿತ ಓಮನ ನಿಯಮ ಆಗ ನಿಮ್ಮ ಕೈಯಲ್ಲಿ ಒಂದು ಉಪಕರಣವಾಗುತ್ತದೆ.