ವಿದ್ಯುತ್ತಿನ ಸೇರು, ಪಾವು

ನಮ್ಮ ನೆರೆಮನೆಯ ರಾಯರು ಒಂದು ಸಂಜೆ ಬಂದು ಕುಳಿತರು. ಅವರ ಮಗಳಿಗೆ ಪರೀಕ್ಷೆ ಹತ್ತಿರ. ಕರೆಂಟು ಯಾವಾಗ ಹೋಗುವುದೋ, ಯಾವಾಗ ಬರುವುದೋ ಹೇಳುವಂತಿಲ್ಲ. ಹುಡುಗಿ ಓದುವ ಕೋಣೆಯಲ್ಲಿ ದೀಪವೂ ಫ್ಯಾನೂ ನಡೆಯುವಂತೆ ಏನಾದರೂ ಏರ್ಪಾಡು ಮಾಡಬೇಕೆಂದು ಅಂಗಡಿಗಳನ್ನು ಸುತ್ತಿ ಬಂದಿದ್ದರು. "ಇನ್ವರ್ಟರಿನ ಬ್ಯಾಟರಿಯನ್ನು ಇಬ್ಬರು ಹೊರಬೇಕು, ಅದರ ಮೇಲೆ ಬರೆದಿರುವುದು ಬರೀ 150. ಅಂಗೈಯಲ್ಲಿ ಹಿಡಿಯುವ ಪವರ್ ಬ್ಯಾಂಕಿನ ಮೇಲೆ 20,000 ಎಂದಿದೆ, ಬೆಲೆಯೂ ಕಡಮೆ. ಯಾವುದನ್ನು ಕೊಳ್ಳಲಿ ಹೇಳಿ ಸ್ವಾಮಿ" ಎಂದರು.

ಪ್ರಶ್ನೆ ನಗುವಂಥದ್ದಲ್ಲ. ಈ ಎರಡು ಸಂಖ್ಯೆಗಳ ನಡುವೆ ಎಷ್ಟೋ ಸಂಸಾರಗಳ ಸಾವಿರಾರು ರೂಪಾಯಿ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ರಾಯರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಅಕ್ಕಿಯನ್ನು ಸೇರು, ಪಾವುಗಳಲ್ಲಿ ಅಳೆದ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ನಾಲ್ಕು ಪಾವಿಗೆ ಒಂದು ಸೇರು. ಎಂಟು ಪಾವು ಎಂದರೂ ಎರಡು ಸೇರು ಎಂದರೂ ಅಕ್ಕಿ ಅಷ್ಟೇ. ಎಂಟು ಎಂಬುದು ಎರಡಕ್ಕಿಂತ ದೊಡ್ಡದೆಂದು ಯಾರೂ ಮೋಸಹೋಗುತ್ತಿರಲಿಲ್ಲ. ವಿದ್ಯುತ್ತಿಗೂ ಇಂಥ ಸೇರು, ಪಾವುಗಳಿವೆ.

ನಲ್ಲಿಯಿಂದ ಕೊಡಕ್ಕೆ ನೀರು ಬೀಳುವುದನ್ನು ನೆನೆಯಿರಿ. ನೀರು ಎಷ್ಟು ರಭಸದಿಂದ ಬೀಳುತ್ತಿದೆ ಎಂಬುದು ಒಂದು ಮಾತು. ಕೊಡದಲ್ಲಿ ಎಷ್ಟು ತುಂಬಿತು ಎಂಬುದು ಇನ್ನೊಂದು. ತಂತಿಯಲ್ಲಿ ವಿದ್ಯುತ್ತು ಹರಿಯುವ ದರಕ್ಕೆ ಆಂಪಿಯರ್ ಅಳತೆ. ಹರಿದುಹೋದ ಮೊತ್ತವೇ ವಿದ್ಯುದಾವೇಶ. ಅದರ ಅಳತೆ ಕೂಲಮ್. ಒಂದು ಆಂಪಿಯರ್ ಪ್ರವಾಹ ಒಂದು ಸೆಕೆಂಡು ಹರಿದರೆ ಒಂದು ಕೂಲಮ್. ವಿದ್ಯುದಾವೇಶಗಳ ನಡುವಣ ಬಲವನ್ನು 1785ರಲ್ಲಿ ತಿರುಚು ತಕ್ಕಡಿಯಿಂದ ಅಳೆದು ತೋರಿಸಿದ ಫ್ರೆಂಚ್ ವಿಜ್ಞಾನಿ ಕೂಲಮ್ ಅವರ ಹೆಸರು ಇದಕ್ಕೆ ಬಂದಿದೆ. ಈಗಿನ ಲೆಕ್ಕದಂತೆ ಒಂದು ಕೂಲಮ್ ಎಂದರೆ ಸುಮಾರು 62,400 ಕೋಟಿ ಕೋಟಿ ಎಲೆಕ್ಟ್ರಾನುಗಳ ಆವೇಶ. 2019ರ ಮೇ 20ರಿಂದ ಒಂದು ಎಲೆಕ್ಟ್ರಾನಿನ ಆವೇಶಕ್ಕೇ ನಿಶ್ಚಿತ ಬೆಲೆ ಕಟ್ಟಿ, ಅದರ ಆಧಾರದ ಮೇಲೆ ಪ್ರಪಂಚವೆಲ್ಲ ಈ ಅಳತೆಗಳನ್ನು ನಿಲ್ಲಿಸಿಕೊಂಡಿದೆ.

ಆದರೆ ಬ್ಯಾಟರಿ ಮಾರುವವರು ಸೆಕೆಂಡಿನ ಲೆಕ್ಕ ಹಿಡಿಯುವುದಿಲ್ಲ. ಗಂಟೆಯ ಲೆಕ್ಕ ಹಿಡಿಯುತ್ತಾರೆ. ಒಂದು ಗಂಟೆಗೆ 3,600 ಸೆಕೆಂಡು. ಆದ್ದರಿಂದ ಒಂದು ಆಂಪಿಯರ್-ಗಂಟೆ ಎಂದರೆ 3,600 ಕೂಲಮ್. ಸಣ್ಣ ಬ್ಯಾಟರಿಗಳಿಗೆ ಇದೂ ದೊಡ್ಡದಾಯಿತೆಂದು ಸಾವಿರ ಪಾಲು ಮಾಡಿ, ಒಂದು ಪಾಲಿಗೆ ಮಿಲಿಆಂಪಿಯರ್-ಗಂಟೆ ಎಂದರು. ಅದು 3.6 ಕೂಲಮ್.

ಈಗ ರಾಯರ ಪ್ರಶ್ನೆಗೆ ಬನ್ನಿ. ಇನ್ವರ್ಟರ್ ಬ್ಯಾಟರಿಯ 150 ಎಂಬುದು ಆಂಪಿಯರ್-ಗಂಟೆ: 5,40,000 ಕೂಲಮ್. ಪವರ್ ಬ್ಯಾಂಕಿನ 20,000 ಎಂಬುದು ಮಿಲಿಆಂಪಿಯರ್-ಗಂಟೆ. ಅಂದರೆ 20 ಆಂಪಿಯರ್-ಗಂಟೆ, 72,000 ಕೂಲಮ್. ಚಿಕ್ಕ ಸಂಖ್ಯೆಯ ಬ್ಯಾಟರಿಯೇ ಏಳೂವರೆ ಪಟ್ಟು ದೊಡ್ಡದಾಯಿತು!

ಇಷ್ಟಕ್ಕೇ ನಿಂತರೂ ಲೆಕ್ಕ ಪೂರ್ತಿಯಾಗಲಿಲ್ಲ. ಮೋಡದಿಂದ ನೆಲಕ್ಕೆ ಹೊಡೆಯುವ ಸಾಧಾರಣ ಮಿಂಚೊಂದು ಇಳಿಸುವ ಆವೇಶ ಸುಮಾರು 15ರಿಂದ 20 ಕೂಲಮ್ ಅಷ್ಟೇ. ಅಂಗೈಯ ಪವರ್ ಬ್ಯಾಂಕು ಅದರ ಸಾವಿರಾರು ಪಟ್ಟು ಆವೇಶವನ್ನು ಹರಿಸಬಲ್ಲದು. ಆದರೂ ಮಿಂಚಿಗೆ ತೆಂಗಿನ ಮರ ಸೀಳುತ್ತದೆ. ಪವರ್ ಬ್ಯಾಂಕು ಜೇಬಿನಲ್ಲಿ ಸುಮ್ಮನಿರುತ್ತದೆ. ಏಕೆ? ಮಿಂಚಿನ ಹಿಂದೆ ಕೋಟಿಗಟ್ಟಲೆ ವೋಲ್ಟಿನ ಒತ್ತಡವಿದೆ, ಅದು ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಮಾಳಿಗೆಯ ತೊಟ್ಟಿಯಿಂದ ಬೀಳುವ ಒಂದು ಕೊಡ ನೀರಿಗೂ ಜಗಲಿಯಿಂದ ಬೀಳುವ ಒಂದು ಕೊಡ ನೀರಿಗೂ ಇರುವ ವ್ಯತ್ಯಾಸ ಇದೇ. ಎಷ್ಟು ಕೆಲಸವಾದೀತೆಂದು ತಿಳಿಯಲು ಆಂಪಿಯರ್-ಗಂಟೆಯನ್ನು ವೋಲ್ಟಿನಿಂದ ಗುಣಿಸಬೇಕು. ಬರುವುದು ವ್ಯಾಟ್-ಗಂಟೆ.

ಇನ್ವರ್ಟರ್ ಬ್ಯಾಟರಿ 12 ವೋಲ್ಟಿನದು: 1,800 ವ್ಯಾಟ್-ಗಂಟೆ. ಪವರ್ ಬ್ಯಾಂಕಿನೊಳಗಿನ ಕೋಶ ಸಾಮಾನ್ಯವಾಗಿ 3.7 ವೋಲ್ಟಿನದು: 74 ವ್ಯಾಟ್-ಗಂಟೆ. ಏಳೂವರೆ ಪಟ್ಟು ಹೋಗಿ ಇಪ್ಪತ್ತನಾಲ್ಕು ಪಟ್ಟಾಯಿತು. 75 ವ್ಯಾಟಿನ ಹಳೆಯ ಬಗೆಯ ಫ್ಯಾನೊಂದನ್ನು ತಿರುಗಿಸಲು ಪವರ್ ಬ್ಯಾಂಕಿನ ಸಾರವೆಲ್ಲ ಒಂದು ಗಂಟೆಗೂ ಸಾಲದು. ದೊಡ್ಡ ಬ್ಯಾಟರಿ ಕಾಗದದ ಮೇಲೆ 24 ಗಂಟೆ ನಡೆಸುತ್ತದೆ. ನಡುವೆ ಆಗುವ ನಷ್ಟ ಕಳೆದರೂ ರಾತ್ರಿಯ ಓದಿಗೆ ಧಾರಾಳವಾಯಿತು.

ರಾಯರು ಬೆನ್ನುನೋವನ್ನು ಲೆಕ್ಕಿಸದೆ ಭಾರದ ಬ್ಯಾಟರಿಯನ್ನೇ ತಂದರು.

ವಿಮಾನ ಹತ್ತುವವರಿಗೂ ಈ ಗುಣಾಕಾರ ಬೇಕು. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು; ಸಾಮಾನ್ಯವಾಗಿ 100 ವ್ಯಾಟ್-ಗಂಟೆಯೊಳಗಿನದಕ್ಕೆ ಮುಂಚಿತ ಅನುಮತಿ ಬೇಡ. 3.7 ವೋಲ್ಟಿನ ಲೆಕ್ಕದಲ್ಲಿ ಅದು ಸುಮಾರು 27,000 ಮಿಲಿಆಂಪಿಯರ್-ಗಂಟೆ.

ಇನ್ನು ಮುಂದೆ ಬ್ಯಾಟರಿ ಕೊಳ್ಳುವಾಗ ದೊಡ್ಡ ಅಕ್ಷರದ ಸಂಖ್ಯೆಯ ಪಕ್ಕದಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ಮಿಲಿ ಇದೆಯೇ ಇಲ್ಲವೇ ನೋಡಿ. ವೋಲ್ಟ್ ಎಷ್ಟೆಂದು ಕೇಳಿ. ಅಭ್ಯಾಸಕ್ಕೆ ಒಂದು ಲೆಕ್ಕ: ಮರುಚಾರ್ಜು ಮಾಡುವ ಪುಟ್ಟ ಬ್ಯಾಟರಿಯೊಂದರ ಮೇಲೆ 2,000 ಮಿಲಿಆಂಪಿಯರ್-ಗಂಟೆ, 1.2 ವೋಲ್ಟ್ ಎಂದಿದೆ. ಮಕ್ಕಳನ್ನು ಕೂರಿಸಿಕೊಂಡು ಬಿಡಿಸಿ. 7,200 ಕೂಲಮ್, 2.4 ವ್ಯಾಟ್-ಗಂಟೆ ಬಂದರೆ ನಿಮ್ಮನ್ನು ಯಾವ ಅಂಗಡಿಯವನೂ ಸಂಖ್ಯೆ ತೋರಿಸಿ ಹೆದರಿಸಲಾರ.