ಹೇಮಾವತಿಯ ದಡದ ಶೆಟ್ಟಿಹಳ್ಳಿ ಇಗರ್ಜಿ



ಹಾಸನದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ, ಮಾಡು ಕಳೆದುಕೊಂಡ ಇಗರ್ಜಿಯೊಂದು ನಿಂತಿರುವುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ, ಜಪಮಾಲೆ ಮಾತೆಯ ಹೆಸರಿನ ದೇವಾಲಯವಿದು. ಗಾರೆಗೆ ಬೆಲ್ಲವನ್ನೂ ಮೊಟ್ಟೆಯನ್ನೂ ಬೆರೆಸಿದ್ದರೆಂದು ಪ್ರತೀತಿ. ಮಳೆಗಾಲದಲ್ಲಿ ನೀರೊಳಗೆ ನಿಂತು, ಬೇಸಗೆಯಲ್ಲಿ ಮತ್ತೆ ಮೇಲೇಳುವ ಆ ಕಮಾನುಗಳನ್ನು ನೋಡಿದವರಿಗೆ ಈ ಮಾತನ್ನು ತಳ್ಳಿಹಾಕಲು ಮನಸ್ಸಾಗದು.

ಇಂತಹ ದೇವಾಲಯಕ್ಕೆ ತನ್ನದೇ ಒಂದು ಸೀಮೆಯುಂಟು. ಅದರೊಳಗಿನ ಹಳ್ಳಿಗಳ ಕ್ರೈಸ್ತ ಒಕ್ಕಲುಗಳಿಗೆ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳೆಲ್ಲಕ್ಕೂ ಅದೇ ಆಶ್ರಯ. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿಯಿತು. ನದಿ ಹಿಂದಕ್ಕೆ ಹರಡಿ, ಸುತ್ತಣ ಹಳ್ಳಿಗಳವರು ಹೊಲಮನೆಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಹಾಸನ, ಮಂಡ್ಯ, ತುಮಕೂರು ಸೀಮೆಗಳ ಬೆಳೆಗೆ ಆ ನೀರು ಬೇಕಾಗಿತ್ತೆಂಬುದೂ ನಿಜವೇ.

ಈಗ ಪ್ರವಾಸಿಗಳು ಬಂದು ಛಾಯಾಚಿತ್ರ ತೆಗೆಯುವರು. ಇಗರ್ಜಿ ಎಲ್ಲರಿಗೂ ಕಾಣುವುದು, ಹಳ್ಳಿಗಳಿದ್ದ ಜಾಗ ಯಾರಿಗೂ ಕಾಣದು. ಅಲ್ಲಿಗೆ ಹೋಗುವವರು, ಸಾಧ್ಯವಾದರೆ, ಎದ್ದುಹೋದ ಒಕ್ಕಲುಗಳ ಹಿರಿಯರನ್ನೂ ಮಾತನಾಡಿಸಬೇಕು. ಬೀದಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾವ ದಾರಿಯಾಗಿ ಪೂಜೆಗೆ ಬರುತ್ತಿದ್ದರು ಎಂದು ಬೊಟ್ಟುಮಾಡಿ ತೋರಿಸಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವರು.