ಸಿಸ್ಟರ್‌ಗಳ ಮನೋಬಲ, ಹೊಸ ದಾರಿ



ವಡೋದರಾದಲ್ಲಿರುವ ಮಗನ ಮನೆಗೆ ಧಾರವಾಡದಿಂದ ಬಂದ ಅಜ್ಜಿಯೊಬ್ಬರು ಜಾರಿ ಬಿದ್ದು ಆಸ್ಪತ್ರೆ ಸೇರಿದ್ದಾರೆ ಎಂದುಕೊಳ್ಳಿ. ರಾತ್ರಿ ಹೊತ್ತು, ಮಗ ಹತ್ತಿರವಿಲ್ಲ. ಅಜ್ಜಿ 'ನೀರು ಬೇಕವಾ', 'ಕಾಲು ನೋಯಾಕತ್ತೈತಿ' ಎನ್ನುತ್ತಾರೆ. ಗುಜರಾತಿ ಸಿಸ್ಟರ್‌ಗೆ ಒಂದೂ ತಿಳಿಯದು. ಮರುದಿನ ಆ ಸಿಸ್ಟರ್ ಮಗನನ್ನು ಕೇಳಿಕೊಂಡು ನೀರು, ನೋವು, ಹಸಿವು, ಚಳಿ ಎಂಬ ನಾಲ್ಕು ಪದಗಳನ್ನು ಗುಜರಾತಿ ಲಿಪಿಯಲ್ಲಿ ರಟ್ಟಿನ ಮೇಲೆ ಬರೆದು, ಅರ್ಥವನ್ನೂ ಬರೆದು, ಮಂಚಕ್ಕೆ ತೂಗುಹಾಕುತ್ತಾರೆ. ಮುಂದಿನ ಪಾಳಿಯವರಿಗೂ ಅಜ್ಜಿಯ ಮಾತು ತಿಳಿಯುತ್ತದೆ. ಕಾಸು ಖರ್ಚಿಲ್ಲ. ಕೆಲಸದಲ್ಲಿ ಹೊಸತನವೆಂದರೆ ಇದೇ.

ಇದಕ್ಕೆ ಜಾಣತನವೊಂದೇ ಸಾಲದು, ಮನೋಬಲವೂ ಬೇಕು. ಅಮೆರಿಕದ ಫ್ರೆಡ್ ಲೂಥಾನ್ಸ್ ಮತ್ತು ಸಂಗಡಿಗರು 2007ರಲ್ಲಿ ತಂದ ಪುಸ್ತಕದಲ್ಲಿ ಇದನ್ನು 'ಮಾನಸಿಕ ಬಂಡವಾಳ' ಎಂದು ಕರೆದು, ಅದರಲ್ಲಿ ನಾಲ್ಕು ಬಲಗಳನ್ನು ಗುರುತಿಸಿದರು. ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುವ ಭರವಸೆ, ನನ್ನಿಂದಾಗುತ್ತದೆ ಎಂಬ ಆತ್ಮವಿಶ್ವಾಸ, ಬಿದ್ದರೂ ಏಳುವ ಶಕ್ತಿ, ಒಳ್ಳೆಯದಾದೀತು ಎಂಬ ಆಶಾಭಾವ. ಇವನ್ನು ಬೆಳೆಸಬಹುದು, ನೋಡಿಕೊಳ್ಳದಿದ್ದರೆ ಸೊರಗುತ್ತವೆ.

ಗುಜರಾತಿನ ಆಸ್ಪತ್ರೆಗಳು ಈ ಬಲ ಬೇಕಾದ ದಿನಗಳನ್ನು ಕಂಡಿವೆ. 1994ರ ಸೆಪ್ಟೆಂಬರಿನಲ್ಲಿ ಸೂರತ್‌ಗೆ ಪ್ಲೇಗ್ ಭೀತಿ ಬಡಿದಾಗ ಲಕ್ಷಾಂತರ ಜನ ಊರು ಬಿಟ್ಟರು. ಅನೇಕ ಖಾಸಗಿ ವೈದ್ಯರೂ ಹೊರಟರು. ಆಗ ರೋಗಿಗಳಿಗೆ ಆಸರೆಯಾದದ್ದು ನ್ಯೂ ಸಿವಿಲ್ ಆಸ್ಪತ್ರೆಯಲ್ಲಿ ಉಳಿದ ಡಾಕ್ಟರರು ಮತ್ತು ಸಿಸ್ಟರ್‌ಗಳು. 2008ರ ಜುಲೈ 26ರ ಸರಣಿ ಸ್ಫೋಟದಲ್ಲಿ ಅಹಮದಾಬಾದಿನ ಸಿವಿಲ್ ಆಸ್ಪತ್ರೆಯ ಆವರಣದಲ್ಲೇ ಬಾಂಬು ಸಿಡಿಯಿತು. 2020ರ ಸೆಪ್ಟೆಂಬರಿನಲ್ಲಿ ವಡೋದರಾದ ಸಯಾಜಿ ಆಸ್ಪತ್ರೆಯ ಕೊರೋನಾ ವಾರ್ಡಿಗೆ ಬೆಂಕಿ ಬಿದ್ದಾಗ ರೋಗಿಗಳನ್ನು ಬೇರೆಡೆಗೆ ಸಾಗಿಸಿ ಉಳಿಸಲಾಯಿತು.

ಕಷ್ಟದ ದಿನ ಚಪ್ಪಾಳೆ ತಟ್ಟಿ, ಮರುದಿನ 'ಹೇಳಿದಷ್ಟು ಮಾಡಿ ಸಿಸ್ಟರ್' ಎಂದರೆ ಈ ಬಂಡವಾಳ ಕರಗುತ್ತದೆ. ರೋಗಿಯ ಹಾಸಿಗೆ ಬಳಿ ಹೆಚ್ಚು ಹೊತ್ತು ಇರುವವರು ಸಿಸ್ಟರ್‌ಗಳು. ಅವರು ಕಂಡದ್ದನ್ನು ಹೇಳಲು ಅಂಜಿದರೆ ನಷ್ಟ ರೋಗಿಗೇ.

ಕಿವಿಗೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೇಳಿ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಎಂಬುವರು ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬಿಸಿಲಿಗೆ ಒಯ್ಯುತ್ತಿದ್ದರು. ಕಾಮಾಲೆಯಿದ್ದ ಒಂದು ಮಗುವಿನ ಮೈಬಣ್ಣ ತಿಳಿಯಾಗಿ, ಬಟ್ಟೆಯ ತುದಿ ಮುಚ್ಚಿದ್ದ ಮೂರು ಮೂಲೆಯ ಜಾಗ ಮಾತ್ರ ಗಾಢ ಹಳದಿಯಾಗಿ ಉಳಿದಿತ್ತು. ಅವರು ಡಾಕ್ಟರಿಗೆ ತೋರಿಸಿದರು. ಏನಾದರೂ ಬಳಿದಿರಾ ಎಂದು ಡಾಕ್ಟರು ಕೇಳಿದರು. ಬಿಸಿಲಿನಿಂದ ಆದದ್ದೆಂದು ಸಿಸ್ಟರ್ ಹೇಳಿದರು. ಮುಂದೆ ಬಿಸಿಲಿಗೆ ಸಿಕ್ಕ ರಕ್ತದ ಮಾದರಿಯಲ್ಲೂ ಕಾಮಾಲೆಯ ಅಂಶ ಇಳಿದದ್ದು ಕಂಡಿತು. 1958ರಲ್ಲಿ ಅಲ್ಲಿನ ವೈದ್ಯರು ಬೆಳಕಿನ ಚಿಕಿತ್ಸೆಯ ವರದಿ ಪ್ರಕಟಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಹಸುಗೂಸುಗಳನ್ನು ನೀಲಿ ಬೆಳಕಿನಡಿ ಮಲಗಿಸುವುದರ ಮೂಲ ಅದು. ಹಾಗೆಂದು ಕಾಮಾಲೆಗೆ ಮನೆಯ ಬಿಸಿಲನ್ನೇ ನಂಬಬೇಡಿ, ಡಾಕ್ಟರಿಗೆ ತೋರಿಸಿ.

ಆಸ್ಪತ್ರೆ ನಡೆಸುವವರಿಗೆ ನಮ್ಮ ಬಿನ್ನಹ ಇಷ್ಟೆ: ಪಾಳಿ ಬದಲಾಗುವಾಗ ಐದು ನಿಮಿಷ 'ಏನು ಕಂಡಿರಿ, ಏನು ಬದಲಿಸೋಣ' ಎಂದು ಸಿಸ್ಟರ್‌ಗಳನ್ನು ಕೇಳಿ. ಹೇಳಿದ್ದರಲ್ಲಿ ಒಂದನ್ನಾದರೂ ಮಾಡಿ ನೋಡಿ. ಮಾಡಲಾಗದಿದ್ದರೆ ಕಾರಣ ತಿಳಿಸಿ.

ನೀವೂ ಒಂದು ಕೆಲಸ ಮಾಡಬಹುದು. ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಅಭಿಪ್ರಾಯದ ಪುಸ್ತಕದಲ್ಲಿ 'ಸೇವೆ ಚೆನ್ನಾಗಿತ್ತು' ಎಂದಷ್ಟೇ ಬರೆಯಬೇಡಿ. ಯಾವ ಸಿಸ್ಟರ್, ಯಾವ ರಾತ್ರಿ, ಏನು ಮಾಡಿದರು ಎಂದು ಬರೆಯಿರಿ. ಆ ಎರಡು ಸಾಲು ಅವರ ಮೇಲಿನವರ ಕಣ್ಣಿಗೆ ಬೀಳಲಿ. ಮಂಚಕ್ಕೆ ತೂಗಿದ ಆ ರಟ್ಟು ಇನ್ನೊಂದು ಮಂಚಕ್ಕೂ ಬರುತ್ತದೆ.